ಮುಕ್ಕಾದ ಕಣ

ತಿಕೋಂಡಿಯಲ್ಲಿ ಯಾರ ಮಾಳಗಿ ಸೋರಿದರೂ ಸಿದ್ದಲಿಂಗವ್ವನಿಗೆ ಕರೆ ಹೋಗುತ್ತಿತ್ತು. ರೋಹಿಣಿ ಮಳೆ ಕೂಡುವ ಮುಂಚೆ ಮಣ್ಣಿನ ಮಾಳಗಿಗೆ ಹೊಸ ಮಣ್ಣು ಹಾಕಬೇಕು, ಹದ ನೋಡಿ ಬಡಿಯಬೇಕು, ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ಆ ಇಳಿಜಾರು ಕಣ್ಣಿಗೆ ಕಾಣಬಾರದು, ನೀರಿಗೆ ಮಾತ್ರ ತಿಳಿಯಬೇಕು. ಅದು ಆಕೆಯ ಕೈಗೆ ಒಲಿದಿತ್ತು. ಹೀಗಾಗಿ ಮಾಳಗಿಯ ಮೇಲೆ ಸಿದ್ದಲಿಂಗವ್ವನಿಗೆ ಭಾಳ ಮರ್ಯಾದೆ. ಮಾಳಗಿಯ ಕೆಳಗೆ, ಕುಬಸ ತೊಟ್ಟಿಲು ಮದುವೆಗಳು ನಡೆಯುವ ಕಡೆ, ಅಷ್ಟು ಇರಲಿಲ್ಲ. ಮೇಲೆ ಹತ್ತಿಸಿದ ಮಂದಿಯೇ ಕೆಳಗೆ ಇಳಿಸುತ್ತಿದ್ದರು.

ಕಾರಣ ಮುಖ. ಆಕೆ ಸಣ್ಣವಳಿದ್ದಾಗ ಊರಿಗೆ ಮೈಲಿ ಬಂತು. ಆ ಸೀಮೆಯಲ್ಲಿ ಅದನ್ನು ರೋಗ ಅನ್ನುವುದಿಲ್ಲ, ಅವ್ವ ಬಂದಳು ಅನ್ನುತ್ತಾರೆ. ಬಂದ ಅವ್ವ ಹೋಗುವಾಗ ಹುಡುಗಿಯ ಮುಖದ ತುಂಬ ಹೆಜ್ಜೆ ಊರಿ ಹೋದಳು. ಹಡೆದವ್ವ ಗುರವ್ವ ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಜೋಳದ ಗುಮ್ಮಿಯ ತಳಕ್ಕೆ ಹೂತಿಟ್ಟಳು. ಕಲೆಯ ಮಾತು ಆ ಮನೆಯಲ್ಲಿ ಯಾರೂ ಆಡಕೂಡದು ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಪಾಲಿಸಿದರು. ಹುಡುಗಿ ಒಂದು ದಿನ ಅಣ್ಣ ಮಲಕಾಜಪ್ಪನನ್ನು ಕೇಳಿದಳು, ನನ್ನ ಮಾರಿ ಹೆಂಗೈತಿ ಅಂತ. ಮೊದಲಿನಂಗ ಐತಿ, ಏನೂ ಉಳದಿಲ್ಲ ಅಂದ ಅಣ್ಣ, ಬೇರೆ ಕಡೆ ನೋಡುತ್ತ. ಮರುದಿನ ಆಕೆ ಬಾವಿಗೆ ಹೋಗಿ ತುಂಬಿದ ಕೊಡದೊಳಗೆ ಬಗ್ಗಿ ನೋಡಿದಳು. ನೋಡಿದ್ದನ್ನು ಅಣ್ಣನಿಗೆ ಹೇಳಲಿಲ್ಲ. ಇಷ್ಟು ಚಲೋ ಸುಳ್ಳು ಹೇಳಿದವನಿಗೆ ಅದು ಸುಳ್ಳು ಎಂದು ಹೇಳಲು ಮನಸ್ಸಾಗಲಿಲ್ಲ.

ಗಂಡನ ಮನೆ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಬಾಳಿತು. ಆಮೇಲೆ ಆಕೆ ತಿರುಗಿ ತವರಿಗೆ ಬಂದಳು, ಮಣ್ಣಿನ ಕೆಲಸ ಹಿಡಿದಳು. ಮಲಕಾಜಪ್ಪ ಜತ್ತದ ಸಾಲಿಯಲ್ಲಿ ಡ್ರಾಯಿಂಗ್ ಮಾಸ್ತರನಾದ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಅವನಿಗೆ ಮದುವೆಯೇ ಆಗಲಿಲ್ಲ. ಆಕಾಶದ ಗ್ರಹಗಳನ್ನು ಅಷ್ಟು ನೋಡಿದವನಿಗೆ ಭೂಮಿಯ ಮೇಲೆ ಗ್ರಹಗತಿ ಕೂಡಿಬರಲಿಲ್ಲ.

ಗ್ರಹದ ಹುಚ್ಚು ಅವನಿಗೆ ಹಿಡಿದದ್ದು ಸಂಸ್ಥಾನ ಹೋಗಿ ಸರಕಾರ ಬಂದ ಮರುವರ್ಷ. ಮಿರಜದ ಹಳೇ ಬಜಾರಿನಲ್ಲಿ ಯಾವನೋ ಸಾಹೇಬ ಬಿಟ್ಟುಹೋದ ಹಿತ್ತಾಳೆಯ ದುರ್ಬೀನು ಸಿಕ್ಕಿತು. ಬಡಗಿಯ ಕೈಯಿಂದ ಅದಕ್ಕೆ ಮೂರು ಕಾಲು ಮಾಡಿಸಿ, ತಿಕೋಂಡಿಯ ಮಾಳಗಿಯ ಮೇಲೆ ನಿಲ್ಲಿಸಿದ. ಶುಕ್ಲಪಕ್ಷದ ಅಷ್ಟಮಿಗೆ ಅರ್ಧ ಚಂದ್ರ ಹೊತ್ತು ಮುಳುಗುವಾಗಲೇ ನೆತ್ತಿಯ ಮೇಲಿರುತ್ತಾನೆ. ಅಷ್ಟೆತ್ತರದವನನ್ನು ದುರ್ಬೀನಿನಲ್ಲಿ ಹಿಡಿಯಬೇಕಾದರೆ ಅದರ ಬಾಲದ ಕೆಳಗೆ ಮೊಣಕಾಲೂರಿ ಕೂರಬೇಕು. ಚಂದ್ರನ ಮೇಲಿನ ತಗ್ಗು ನೋಡುವ ಮನುಷ್ಯ ಮೊದಲು ತಾನು ತಗ್ಗಬೇಕು ಎಂದು ಮಾಸ್ತರ ನಗುತ್ತಿದ್ದ.

ಮಾಸ್ತರನ ಕಣ್ಣು ಒಂದೇ ತಗ್ಗಿನ ಮೇಲೆ ನೆಟ್ಟಿತು. ಪುಸ್ತಕದಲ್ಲಿ ಅದಕ್ಕೆ ನಾಲಿಗೆ ಹೊರಳದ ಒಂದು ಹೆಸರಿತ್ತು. ಅವನು ಅದನ್ನು 'ಕಣ' ಎಂದು ಕರೆದ. ಜೋಳದ ರಾಶಿ ಮಾಡುವ ಕಣದಂತೆಯೇ ಗುಂಡಗೆ, ಸುತ್ತ ದಂಡೆ, ನಡುವೆ ಎತ್ತು ಸುತ್ತುವ ಮೇಟಿಕಂಬ ಹುಗಿದಲ್ಲಿ ಇರುವಂತೆ ಒಂದು ಸಣ್ಣ ಉಬ್ಬು. ಇಂಥವೆಲ್ಲ ಆರಿದ ಜ್ವಾಲಾಮುಖಿ ಎಂದು ಪುಸ್ತಕ ಹೇಳುತ್ತಿತ್ತು. ಮಾಸ್ತರ ಒಪ್ಪಲಿಲ್ಲ. ಅಡ್ಡಮಳೆಯ ಮೊದಲ ದಪ್ಪ ಹನಿ ಹುಡಿಮಣ್ಣಿಗೆ ಬಿದ್ದಾಗ ಏಳುವ ಅಂಚನ್ನು ತಂಗಿಗೆ ತೋರಿಸಿ, ಇದು ಮೇಲಿಂದ ಏನೋ ಬಿದ್ದೇ ಆದದ್ದು ಎಂದು ವಾದಿಸಿದ. ಎದುರುವಾದಿ ಯಾರೂ ಇಲ್ಲದ್ದರಿಂದ ಗೆದ್ದ. ಅಲ್ಲಿ ಮಳಿ ಇಲ್ಲ, ಗಾಳಿ ಇಲ್ಲ, ಆದ್ರೂ ಎಲ್ಲಾ ಸವಿತೈತಿ, ಒಮ್ಮೆ ಪೆಟ್ಟು ತಿಂದ ಜಾಗಾದ ಮ್ಯಾಲೆ ಮತ್ತ ಮತ್ತ ಬಿದ್ದು ಸವಿತೈತಿ ಅಂದ. ಸಿದ್ದಲಿಂಗವ್ವ ಹೂಂಗುಟ್ಟಿದಳು. ಆಕೆಗೆ ಅದು ಹೊಸ ಸುದ್ದಿಯೇನಲ್ಲ.

ಆ ಕಣ ತಿಂಗಳಿಗೆ ಒಂದೋ ಎರಡೋ ಸಂಜೆ ಮಾತ್ರ ಕಾಣುತ್ತಿತ್ತು. ಬಿಸಿಲು ಅದರ ಮೇಲೆ ಅಡ್ಡಲಾಗಿ ಬಿದ್ದು, ಸವೆದ ದಂಡೆಗೂ ಒಂದಿಷ್ಟು ನೆರಳು ಹುಟ್ಟಿದಾಗ ಕಾಣುವುದು. ಹುಣ್ಣಿಮೆಯ ಹೊತ್ತಿಗೆ ಬಿಸಿಲು ನೆತ್ತಿಗೇರಿ ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಅಳಿಸಿಹೋಗುವುದು. ಸಿಕ್ಕ ಸಂಜೆಗಳಲ್ಲಿ ಮಾಸ್ತರ ಪೆನ್ಸಿಲ್ಲಿನಲ್ಲಿ ಬರೆದ. ಮುಗಿಯುವ ತನಕ ಯಾರಿಗೂ ತೋರಿಸುವುದಿಲ್ಲ ಎಂದು ಹಾಳೆಗಳನ್ನು ಟ್ರಂಕಿನಲ್ಲಿ ಇಟ್ಟ. ಎಲ್ಲ ಸೇರಿ ಒಂದು ಸರಿಯಾದ ಚಿತ್ರವಾಗಬೇಕು, ಅದು ಜತ್ತದ ಸಾಲಿಯ ಗೋಡೆಗೆ ಹೋಗಬೇಕು, ನಾ ನೋಡಿದ್ದು ನನ್ನ ಹಿಂದೆ ಉಳೀಬೇಕು. ಇಷ್ಟೇ ಅವನ ಆಸೆ. ಮಕ್ಕಳಿಲ್ಲದವನು ಗೋಡೆಯ ಮೇಲೆ ಒಂದು ಮೊಳೆಯಷ್ಟು ಜಾಗ ಕೇಳಿದ್ದು ಹೆಚ್ಚೇನಲ್ಲ.

ಅಷ್ಟರಲ್ಲಿ ಕಣ್ಣು ಕೈಕೊಟ್ಟವು. ಮಿರಜದ ಡಾಕ್ಟರು ನೋಡಿ ಇದು ಕಾಚಬಿಂದು ಅಂದರು. ಮೋತಿಬಿಂದುವಾದರೆ ಪೊರೆ ತೆಗೆಯಬಹುದಿತ್ತಂತೆ. ನಸೀಬಿನಲ್ಲಿ ಮುತ್ತು ಇರಲಿಲ್ಲ, ಗಾಜು ಬಂತು. ಈ ಬ್ಯಾನಿ ಬಂದದ್ದು ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಬಂದಿರುತ್ತದೆ, ನೋಟದ ಅಂಚಿನಿಂದ ಸದ್ದಿಲ್ಲದೆ ತಿನ್ನುತ್ತ ಬರುತ್ತದೆ, ತಿಂದ ಜಾಗ ಕಣ್ಣಿನವನಿಗೇ ತಿಳಿಯುವುದಿಲ್ಲ ಎಂದೂ ಡಾಕ್ಟರು ಹೇಳಿದರು. ಆ ಮಾತು ಮಾಸ್ತರನ ತಲೆಯೊಳಗೆ ಹೊಕ್ಕು ಕೂತಿತು. ಅವಧಿಗೆ ಮೊದಲೇ ನೌಕರಿ ಬಿಟ್ಟು ಊರಿಗೆ ಬಂದ. ಜಗತ್ತು ಅವನಿಗೆ ದಿನೇದಿನೇ ಒಂದು ಕೊಳವೆಯಾಯಿತು. ಮಾಳಗಿಯ ಮೇಲಿದ್ದ ದುರ್ಬೀನು ಇಳಿದುಬಂದು ಕಣ್ಣೊಳಗೇ ಠಿಕಾಣಿ ಹೂಡಿದಂತಾಯಿತು, ಆದರೆ ಅದರಲ್ಲಿ ದೂರದ್ದು ಕಾಣುತ್ತಿರಲಿಲ್ಲ, ಹತ್ತಿರದ್ದೂ ಕಾಣುತ್ತಿರಲಿಲ್ಲ.

ಐವತ್ತೈದನೆಯ ಇಸವಿಯ ಚಳಿಗಾಲದ ಒಂದು ಅಷ್ಟಮಿಯ ಸಂಜೆ ಅವನು ತಂಗಿಯನ್ನು ಮಾಳಗಿಗೆ ಕರೆದ. ಅವಳನ್ನು ದುರ್ಬೀನಿನ ಕೆಳಗೆ ಕೂರಿಸಿ, ಬೆಳಕು ಕತ್ತಲೆ ಕೂಡುವ ಗೆರೆಯ ಗುಂಟ ಹುಡುಕು ಅಂದ. ಆಕೆ ಮೊದಲು ತನ್ನ ರೆಪ್ಪೆಯನ್ನೇ ಕಂಡಳು. ಆಮೇಲೆ ಚಂದ್ರ ಬಂದ. ಮುಖದ ತುಂಬ ಕಲೆ. ಆಕೆಗೆ ಒಂದು ಕ್ಷಣ ಕೊಡದೊಳಗಿನ ನೀರು ನೆನಪಾಯಿತು.

ಕಣ ಸಿಕ್ಕಿತು. ಹಾಳುಬಿದ್ದ ಕಣ ಅದು. ದಂಡೆ ಒಂದು ಕಾಲಕ್ಕೆ ಎತ್ತರ ಇದ್ದಿರಬೇಕು. ಈಗ ದನ ತುಳಿದ ಒಡ್ಡಿನಂತೆ ತಗ್ಗಿ ಹೋಗಿತ್ತು. ಅದರ ಮೇಲೆಯೇ ಆಮೇಲೆ ಬಿದ್ದ ಎರಡು ಸಣ್ಣ ತಗ್ಗುಗಳು ಕೂತಿದ್ದವು. ಒಂದು ಕಡೆಯಂತೂ ದಂಡೆಯೇ ಇಲ್ಲ. ಅಲ್ಲಿಂದ ಹೊರಗಿನ ಬಯಲು ಒಳಗೆ ನುಗ್ಗಿ, ತಳವನ್ನೆಲ್ಲ ಸಾರಿಸಿದಂತೆ ತುಂಬಿಬಿಟ್ಟಿತ್ತು. ಮೇಟಿಯ ಉಬ್ಬು ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ.

"ದಂಡಿ ಪೂರ್ತಿ ಐತೇನವ್ವಾ?" ಅಂದ ಅಣ್ಣ.

ದನಿ ನಡುಗುತ್ತಿತ್ತು. ಆ ನಡುಕವನ್ನು ಸಿದ್ದಲಿಂಗವ್ವ ತನಗೆ ತಿಳಿದಂತೆ ಓದಿದಳು. ಕಣ್ಣು ಹೋಗುತ್ತಿರುವ ಮನುಷ್ಯ, ಇಷ್ಟು ವರ್ಷ ಪ್ರೀತಿಸಿದ್ದು ಒಡಕು ಎಂದು ಕೇಳಲಾರ ಅಂದುಕೊಂಡಳು. ಆ ಮನೆಯಲ್ಲಿ ಇಂಥ ಪ್ರಶ್ನೆಗೆ ಇಂಥದೇ ಉತ್ತರ ಎಂದು ಕನ್ನಡಿ ಗುಮ್ಮಿಗೆ ಬಿದ್ದ ದಿನವೇ ಗೊತ್ತಾಗಿತ್ತು. ಅಣ್ಣನ ಹಳೆಯ ಉಪಕಾರ ತೀರಿಸುವ ಸಂಧಿ ಸಿಕ್ಕಿತೆಂದು ಒಳಗೊಳಗೇ ಸಮಾಧಾನವೂ ಆಯಿತು.

"ಪೂರ್ತಿ ಐತಿ ಅಣ್ಣಾ," ಅಂದಳು. "ಬಳಿ ಇದ್ದಂಗ ಐತಿ. ಒಂದ ಕಡಿನೂ ಮುಕ್ಕಾಗಿಲ್ಲ."

ಮಾಸ್ತರ ಹೌದಾ ಅಂದ, ಒಣಗಿದ ಒಂದು ನಗೆ ನಕ್ಕ. ಆಕೆ ಅದನ್ನು ಸಂತೋಷ ಅಂದುಕೊಂಡಳು.

ಮರುದಿನದಿಂದ ಅವನು ಟ್ರಂಕು ತೆಗೆದು, ಹಾಳೆಗಳನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದು, ಕೈವಾರ ಊರಿ, ಅಳಿಯದ ಕರೀ ಮಸಿಯಿಂದ ಏನೋ ಎಳೆಯುತ್ತ ಕೂತ. ತಪ್ಪು ತಿದ್ದಲಿಕ್ಕೆ ಹತ್ತೇನಿ ಅಂದ. ಮಾಸ್ತರಿಕೆಯ ಚಟ ಎಂದು ತಂಗಿ ಚಹಾ ಇಟ್ಟು ಹೋದಳು. ಅದೇ ವರ್ಷ ಹೊರಗೆ ದೊಡ್ಡವರೂ ಭಾಷೆಗೊಂದು ರಾಜ್ಯವೆಂದು ನಕ್ಷೆಗಳ ಮೇಲೆ ಗೆರೆ ಎಳೆಯುವ ಮಾತಾಡುತ್ತಿದ್ದರು, ಕನ್ನಡ ಮಾತಾಡುವ ತಿಕೋಂಡಿ ಮುಂಬೈ ಕಡೆಗೇ ಉಳಿಯಿತು. ಮಸಿಯ ಗೆರೆಗೆ ಕೆಳಗಿನ ನೆಲವನ್ನು ಕೇಳುವ ಚಟ ಎಲ್ಲಿಯೂ ಇಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಹಾಳೆಯೂ ಕಾಣದಾಯಿತು. ಆಗ ಅವನು, ನಿನ್ನ ಮಾಳಗಿ ಮಣ್ಣಿನಾಗ ನನಗೊಂದು ಕಣ ಮಾಡಿಕೊಡು, ಕೈಯಿಂದ ನೋಡತೇನಿ ಅಂದ. ರೋಹಿಣಿಗೆ ಮುಂಚೆ ಮಣ್ಣು ಕಲಸಿದ್ದಿತ್ತು. ಸಿದ್ದಲಿಂಗವ್ವ ದುರ್ಬೀನಿನ ಪಕ್ಕದಲ್ಲಿಯೇ ಹಿಟ್ಟು ನಾದುವ ಪರಾತದಷ್ಟು ಅಗಲದ ಕಣ ಕಟ್ಟಿದಳು. ಒಮ್ಮೆ ಪೂರ್ತಿ ಎಂದ ಮೇಲೆ ಪೂರ್ತಿಯಾಗಿಯೇ ಕಟ್ಟಬೇಕು: ಎತ್ತರದ ದಂಡೆ, ಚೂಪು ಅಂಚು, ನಡುವೆ ನೆಟ್ಟಗಿನ ಮೇಟಿ. ಮಾಸ್ತರ ಸಂಜೆ ಸಂಜೆ ಬಂದು ಅದರ ಅಂಚಿನ ಮೇಲೆ ಬೆರಳಾಡಿಸುತ್ತಿದ್ದ. ಒಗೆದು ಒಣಹಾಕಿದ ಅರಿವೆಯಲ್ಲಿ ತನ್ನದು ಯಾವುದೆಂದು ಹುಡುಕುವವನ ಹಾಗಿತ್ತು ಅವನ ಮುಖ.

ಜೀವಮಾನವೆಲ್ಲ ಊರವರ ಮಾಳಗಿಯ ಮೇಲೆ ನೀರು ನಿಲ್ಲದಂತೆ ಮಾಡಿದವಳು ತನ್ನ ಮಾಳಗಿಯ ಮೇಲೆ ನೀರು ನಿಲ್ಲುವ ಪಾತ್ರೆ ಕಟ್ಟಿದ್ದಳು. ಅದು ಆಕೆಗೆ ಹೊಳೆದದ್ದು ಒಂದು ಇಳಿಹೊತ್ತು ಅಡ್ಡಮಳೆ ಸುರಿದು, ಒಲೆಯ ಮೇಲೆ ತೊಟತೊಟ ನೀರು ಬಿದ್ದಾಗ. ಬೆಂಕಿ ಕೇಳಲು ಬಂದ ನೆರೆಮನೆಯ ಗೌರವ್ವ ಮೇಲೆ ನೋಡಿದಳು, ಕೆಳಗೆ ನೋಡಿದಳು.

"ಊರ ಮಾಳಗಿ ಮುಚ್ಚಾಕಿ ತನ್ನ ಮಾಳಗಿ ಮ್ಯಾಲ ಕೆರಿ ಕಟ್ಯಾಳ," ಅಂದಳು. "ಮೀನ ಬಿಟ್ಟೀಯೇನವ್ವಾ, ಇಲ್ಲಾ ಮುಂದಿನ ಮಳಿಗೆ ಬಿಡತೀಯೋ?"

ಬೆಳಿಗ್ಗೆ ಮಳೆ ಬಿಟ್ಟಿತ್ತು. ಸಿದ್ದಲಿಂಗವ್ವ ಸೋರಿದಲ್ಲಿ ಮಣ್ಣು ಮೆತ್ತಲು ಮೇಲೆ ಹತ್ತಿದಾಗ ಅಣ್ಣ ಮೊದಲೇ ನಿಚ್ಚಣಿಕಿ ಹಿಡಿದು ತಡವುತ್ತ ಹತ್ತಿಬಂದು ಕಣದ ಮುಂದೆ ಕೂತಿದ್ದ. ತುಂಬಿದ ನೀರು ಒಂದು ಕಡೆ ದಂಡೆ ಒಡೆದುಕೊಂಡು ಹೋಗಿತ್ತು. ಉಳಿದ ದಂಡೆಯ ಚೂಪೆಲ್ಲ ಕರಗಿ ಮೊಂಡಾಗಿತ್ತು. ಮಣ್ಣು ಇಳಿದು ತಳ ತುಂಬಿ, ಮೇಟಿ ಮುಳುಗಿ ಬರೀ ಉಬ್ಬಾಗಿತ್ತು. ದಪ್ಪ ಹನಿಗಳು ಅಂಚಿನ ಮೇಲೆಲ್ಲ ಸಣ್ಣ ಸಣ್ಣ ತಗ್ಗು ಕೊರೆದಿದ್ದವು. ಮಾಸ್ತರನ ಬೆರಳು ಒಡಕಿನ ತನಕ ಬಂದು ನಿಲ್ಲುತ್ತಿತ್ತು, ತಿರುಗಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

"ಹೀಂಗ ಇತ್ತು," ಅಂದ. "ದಿಕ್ಕ ಬ್ಯಾರೆ. ಗತಿ ಇದ."

ಸಿದ್ದಲಿಂಗವ್ವ ಕೈಯಲ್ಲಿಯ ಮಣ್ಣು ಕೆಳಗಿಡಲಿಲ್ಲ.

"ಕಣ್ಣ ಚಲೋ ಇದ್ದಾಗ ನನಗ ಹೀಂಗ ಕಂಡಿತ್ತು. ಪ್ರತಿ ಹಾಳಿಯಾಗ ಹೀಂಗ ಬರದಿದ್ದೆ. ಪುಸ್ತಕದಾಗ ನೋಡಿದ್ರ ದುಂಡಗ ಉಂಗುರ. ಡಾಕ್ಟರ್ ಅಂದ್ರು, ಬ್ಯಾನಿ ಮೊದಲೇ ಬಂದಿರತೈತಿ ಅಂತ. ಹಂಗಾರ ಆ ಒಡಕು ಚಂದ್ರನ್ಯಾಗ ಇತ್ತೋ, ನನ್ನ ಕಣ್ಣಾಗ ಇತ್ತೋ? ಅದಕ್ಕ ನಿನ್ನ ಕೇಳಿದೆ." ಅವನು ಮುಖ ಎತ್ತಿದ, ಆಕೆ ಇದ್ದ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ. "ನೀ ನೋಡಿದಾಗ ಹೆಂಗಿತ್ತು, ಸಿದ್ದವ್ವಾ?"

ಆಕೆಗೆ ಆಗ ತಿಳಿಯಿತು. ಆ ಸಂಜೆ ಅವನ ದನಿ ನಡುಗಿದ್ದು ಒಡಕು ಎಂಬ ಮಾತಿನ ಭಯಕ್ಕಲ್ಲ, ಪೂರ್ತಿ ಎಂಬ ಮಾತಿನ ಭಯಕ್ಕೆ. ಒಡದೈತಿ ಅಂದಿದ್ದರೆ ಅವನ ಹೋದ ವರ್ಷಗಳ ಕಣ್ಣು ಅವನಿಗೆ ತಿರುಗಿ ಸಿಗುತ್ತಿದ್ದವು.

"ಹೀಂಗ ಇತ್ತಣ್ಣಾ."

ಅವನು ಬೈಯಲಿಲ್ಲ. ಬೈದಿದ್ದರೆ ಆಕೆಗೆ ಅಳಲು ಒಂದು ನೆಪವಾಗುತ್ತಿತ್ತು. ನಾ ಎಲ್ಲಾ ಹಾಳಿ ಮ್ಯಾಲ ಮಸಿಲೆ ಉಂಗುರ ಎಳದೇನಿ ಎಂದಷ್ಟೇ ಅಂದು, ನಿಚ್ಚಣಿಕಿಯ ಮೆಟ್ಟಿಲು ಕಾಲಿನಿಂದ ತಡವುತ್ತ ಇಳಿದುಹೋದ. ಮಣ್ಣಿನಲ್ಲಿಯ ಖರೇ ಎರಡನೆಯ ಮಳೆಗೆ ಅಳಿಸಿಹೋಯಿತು. ಮಸಿಯಲ್ಲಿಯ ಸುಳ್ಳು ಟ್ರಂಕಿನೊಳಗೆ ಬೆಚ್ಚಗೆ ಉಳಿಯಿತು.

ಒಂದು ಮಧ್ಯಾಹ್ನ ಅಣ್ಣ ಮಲಗಿದ್ದಾನೆಂದು ಆಕೆ ಟ್ರಂಕು ತೆಗೆದಳು. ಕರೀ ಉಂಗುರಗಳ ಕೆಳಗೆ, ಕೂದಲೆಳೆಯಂಥ ಪೆನ್ಸಿಲ್ ಗೆರೆಯಲ್ಲಿ, ತಾನು ಕಂಡ ಕಣವೇ ಇತ್ತು: ದಂಡೆಯ ಮೇಲಿನ ಎರಡು ತಗ್ಗು, ತುಂಬಿದ ತಳ, ಒಡಕು. ಸಾಲಿಯಲ್ಲಿ ತಪ್ಪು ಕೆರೆದು ತೆಗೆಯುತ್ತಾರೆಂದು ಕೇಳಿದ್ದಳು. ಹಳೆಯ ಬ್ಲೇಡು ಹಿಡಿದು ಒಡಕಿನ ಮೇಲಿನ ಮಸಿಯನ್ನು ಕೆರೆಯತೊಡಗಿದಳು.

"ಏನ ಕೆರೀತಿ?" ಎಂಬ ದನಿ ಒಳಗಿನಿಂದ ಬಂತು.

"ಬೋಗಾಣಿ ತಳಾ ಹತ್ತೈತಿ," ಅಂದಳು, ಯೋಚಿಸುವ ಮೊದಲೇ.

ಜೀವಮಾನವೆಲ್ಲ ಹುಡುಗರ ಹಾಳೆ ಕೆರೆದು ತಿದ್ದಿದವನಿಗೆ ಬ್ಲೇಡಿನ ಸದ್ದು ಯಾವುದು, ಬೋಗಾಣಿಯ ಸದ್ದು ಯಾವುದು ಎಂದು ತಿಳಿಯದೆ ಇರುತ್ತದೆಯೇ? ಅಷ್ಟರಲ್ಲಿ ಹಾಳೆ ಆ ಜಾಗದಲ್ಲಿ ಸವೆದು ತೂತಾಯಿತು. ಆಕೆ ಅದನ್ನು ಮಡಚಿ ಒಳಗಿಟ್ಟಳು.

ಅಂದಿನಿಂದ ಮಲಕಾಜಪ್ಪ ಮಾಸ್ತರ ತಂಗಿಯನ್ನು ಏನೂ ಕೇಳಲಿಲ್ಲ. ಊಟ ಬೇಕು, ಬ್ಯಾಡ, ನೀರು ಕೊಡು, ಇದೆಲ್ಲ ನಡೆಯಿತು. ಆದರೆ ಮೋಡ ಆಗ್ಯಾವೇನು, ಬಂದವರು ಯಾರು, ಹಾಲು ಉಕ್ಕತೇನು, ಇಂಥ ಕಣ್ಣಿನ ಪ್ರಶ್ನೆಗಳನ್ನೆಲ್ಲ ಓಣಿಯಲ್ಲಿ ಕುರಿ ಹೊಡೆದುಕೊಂಡು ಹೋಗುವ ವಿಠೋಬನಿಗೆ ಕೇಳುತ್ತಿದ್ದ. ವಿಠೋಬ ನಿಂತು ಪುರಸತ್ತಿನಿಂದ ಉತ್ತರ ಕೊಡುತ್ತಿದ್ದ, ಕುರಿಗಳು ಮುಂದೆ ಹೋಗಿ ಯಾರದೋ ಬೆಳೆಯಲ್ಲಿ ಪ್ರಶ್ನೆ ಹುಟ್ಟಿಸುತ್ತಿದ್ದವು. ಪಕ್ಕದಲ್ಲಿಯೇ ನಿಂತ ಸಿದ್ದಲಿಂಗವ್ವ ಮೋಡ ನೋಡಿ ಬಾಯಿ ತೆರೆದು ಮುಚ್ಚುತ್ತಿದ್ದಳು. ಹೀಗೆ ವರ್ಷಗಳು ಹೋದವು. ಆಕೆಯ ಕೈಯ ಇಳಿಜಾರು ಊರ ಮಾಳಗಿಗಳ ಮೇಲೆ ಚಲೋ ಇತ್ತು. ತನ್ನ ಮನೆಯಲ್ಲಿ ಮಾತು ಮಡುಗಟ್ಟಿ ನಿಂತಿತ್ತು.

ಐವತ್ತೊಂಬತ್ತರ ಸಪ್ಟೆಂಬರಿನಲ್ಲಿ ವಿಠೋಬ ಜತ್ತದ ಸಂತೆಯಿಂದ ಸುದ್ದಿ ತಂದ: ರಷ್ಯಾದವರು ಬಾಣ ಬಿಟ್ಟಾರ್ರಿ, ಹೋಗಿ ಚಂದ್ರಗ ಬಡದೈತ್ರಿ, ಚಹಾದ ಅಂಗಡ್ಯಾಗ ಪೇಪರ್ ಓದಿದ್ರು. ಮಾಸ್ತರ ಎದ್ದು ಕೂತ. ಎಷ್ಟೋ ದಿನದ ಮೇಲೆ ಅವನ ಮುಖಕ್ಕೆ ರಕ್ತ ಬಂತು. ಸಂಜೆ ಮೋಡ ಹರಿದಾಗ ಮೂವರೂ ಮಾಳಗಿ ಹತ್ತಿದರು. ಹುಣ್ಣಿಮೆಗೆ ಇನ್ನೆರಡು ದಿನ. ದುರ್ಬೀನಿನ ಕೆಳಗೆ ವಿಠೋಬ ಮುಂಡಾಸು ಬಿಚ್ಚಿ ಕೂತ, ನೋಡುವ ಕಣ್ಣು ಮುಚ್ಚಿ ಮುಚ್ಚಬೇಕಾದ ಕಣ್ಣು ತೆರೆದ, ಬಹಳ ಹೊತ್ತು ಚಂದ್ರನಿಲ್ಲದ ಕಡೆ ನೋಡಿದ.

"ಕಾಣತೈತ್ರಿ ಮಾಸ್ತರ್ರ," ಅಂದ. "ಹೊಸಾ ತಗ್ಗು. ಎಮ್ಮಿ ಹೊಳ್ಯಾಡಿದಂಗ ಐತಿ ನೋಡ್ರಿ."

ಪಾಪ, ಮುದುಕನಿಗೆ ಸಂತೋಷವಾಗಲಿ ಎಂದು ಹೇಳಿದ್ದು. ಮಾಸ್ತರ ಮುಗುಳ್ನಕ್ಕ. ಆಮೇಲೆ ತಂಗಿ ನಿಂತ ಕಡೆಗೆ ಮುಖ ತಿರುಗಿಸಿದ.

"ಸಿದ್ದವ್ವಾ, ನೀ ನೋಡು."

ಆಕೆ ಬಗ್ಗಿ ನೋಡಿದಳು. ಬಿಸಿಲು ಚಂದ್ರನ ನೆತ್ತಿಗೆ ಏರಿತ್ತು. ಎಲ್ಲಿಯೂ ನೆರಳಿಲ್ಲ, ಬರೀ ಬೆಳ್ಳಗಿನ ಉರಿ. ಒಂದು ಸಣ್ಣ ಸುಳ್ಳಿಗೆ ಜಾಗ ಎಷ್ಟು ಬೇಕಾದರೂ ಇತ್ತು.

"ಏನೂ ಕಾಣಂಗಿಲ್ಲಣ್ಣಾ."

"ನಮ್ಮ ಕಣ?"

"ಅದೂ ಕಾಣಂಗಿಲ್ಲ."

"ಕಾಣಬಾರದು," ಅಂದ ಮಾಸ್ತರ, ಮೆಲ್ಲಗೆ. "ಮುಂದಿನ ಅಷ್ಟಮಿಗೆ ನೋಡಿ ಹೇಳು. ಇದ್ದದ್ದ ಇದ್ದಂಗ."

ಮುಂದಿನ ಅಷ್ಟಮಿ ನವರಾತ್ರಿಯದು. ಅದು ಬರುವಷ್ಟರಲ್ಲಿ ಮಾಸ್ತರನಿಗೆ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ, ಉಸಿರು ತೆಗೆದುಕೊಳ್ಳುವುದೇ ದಿನದ ಕೆಲಸವಾಗಿತ್ತು. ಯಳವಿಯಿಂದ ಬಂದ ವೈದ್ಯರು ನಾಡಿ ಹಿಡಿದು ನೋಡಿ, ಸಿದ್ದಲಿಂಗವ್ವನ ಮುಖ ನೋಡದೆ ಎದ್ದರು. ಆ ಸಂಜೆ ಅವನು ಇವತ್ತು ಅಷ್ಟಮಿ ಅಲ್ಲೇನು ಅಂದ. ಮೇಲೆ ಹತ್ತಿಸುವಂತಿರಲಿಲ್ಲ. ಆಕೆ ಅವನು ಮಲಗಿದ್ದ ಹೊರಸನ್ನು ಎಳೆದು ಮಾಳಗಿಯಲ್ಲಿದ್ದ ಬೆಳಕಿಂಡಿಯ ಕೆಳಗೆ ತಂದಿಟ್ಟಳು. ಒಬ್ಬಳೇ ನಿಚ್ಚಣಿಕಿ ಹತ್ತಿ, ದುರ್ಬೀನಿನ ಕೆಳಗೆ ಮೊಣಕಾಲೂರಿ, ಬೆಳಕು ಕತ್ತಲೆ ಕೂಡುವ ಗೆರೆಯ ಗುಂಟ ಹುಡುಕಿದಳು. ಸಿಕ್ಕ ಮೇಲೆ ಬೆಳಕಿಂಡಿಯ ಕಡೆ ಬಾಯಿ ತಿರುಗಿಸಿ, ಒಂದೊಂದಾಗಿ ಹೇಳತೊಡಗಿದಳು.

"ದಂಡಿ ಸವದೈತಿ ಅಣ್ಣಾ, ದನಾ ತುಳದಂಗ."

ಕೆಳಗಿಂದ ಹೂಂ ಎಂದು ಬಂತು.

"ದಂಡಿ ಮ್ಯಾಲ ಎರಡು ಸಣ್ಣ ತಗ್ಗು. ಒಂದು ಇನ್ನೊಂದರ ಅಂಚು ತಿಂದೈತಿ."

ಇನ್ನೊಂದು ಹೂಂ, ಅರ್ಧ.

ಆಕೆ ಮತ್ತೆ ಕಣ್ಣಿಟ್ಟು ನೋಡಿದಳು. ಒಂದು ಕಡಿ ದಂಡೀನ ಇಲ್ಲ, ಬಯಲು ಒಳಗ ಬಂದೈತಿ ಅಂದಳು. ಕಾದಳು. ಗಾಳಿ ಬಿಟ್ಟಿತ್ತು, ದೂರದಲ್ಲಿ ವಿಠೋಬನ ಕುರಿಗಳು ಹಟ್ಟಿಗೆ ತಿರುಗುತ್ತಿದ್ದವು. ಬೆಳಕಿಂಡಿಯಿಂದ ಏನೂ ಬರಲಿಲ್ಲ. ಬಗ್ಗಿ ನೋಡಬಹುದಿತ್ತು, ನೋಡಲಿಲ್ಲ. ತಳ ತುಂಬೇತಿ, ಸಾರಿಸಿದಂಗ ಅಂದಳು. ಮೇಟಿ ಐತಿ ಅಂದ್ರ ಐತಿ, ಆದರ ಭಾಳ ಸಣ್ಣದು ಅಂದಳು. ಚಂದ್ರ ಇಳಿದು ಕಣ ಮೆಲ್ಲಗೆ ಮಸುಕಾಗುವ ತನಕ, ಇದ್ದದ್ದನ್ನು ಇದ್ದ ಹಾಗೆ, ಕೆಳಗಿನ ಕತ್ತಲೆಗೆ ಹೇಳುತ್ತಲೇ ಇದ್ದಳು.